ಕಾರವಾರದ ಕೊಲ್ಲಿಗೆ ಬಂದು ನಿಲ್ಲುವ ದೋಣಿಗಳಿಗೆ ದಡದಲ್ಲಿಯೂ ಆಸರೆ ಬೇಕು

ಮಾನ್ಯ ಸಂಪಾದಕರೇ,

ಕಾರವಾರದ ಕಡಲತೀರದ ಅಭಿವೃದ್ಧಿಯ ಕುರಿತು ತಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಆಗಾಗ ಪ್ರಕಟವಾಗುವ ವರದಿಗಳನ್ನು ನಾನು ತಪ್ಪದೆ ಓದುತ್ತೇನೆ. ದೀಪಾಲಂಕಾರ, ನಡಿಗೆಪಥ, ತಿಂಡಿ ಮಳಿಗೆ, ಜಲಕ್ರೀಡೆ ಎಂದು ಅವುಗಳಲ್ಲಿ ಬರುವುದೆಲ್ಲ ಮರಳಿನ ಮೇಲೆ ಏನನ್ನು ಕಟ್ಟಬೇಕೆಂಬ ವಿಚಾರವೇ ಆಗಿರುತ್ತದೆ. ಮರಳಿನಾಚೆಗಿನ ನೀರಿನ ಬಗ್ಗೆ, ಅಂದರೆ ಈ ಊರು ಇಲ್ಲಿ ಹುಟ್ಟುವುದಕ್ಕೆ ಕಾರಣವಾದ ಕೊಲ್ಲಿಯ ಬಗ್ಗೆ, ಒಂದು ಸಾಲೂ ಇರುವುದಿಲ್ಲ. ಗಾಳಿ ಎದ್ದಾಗ ದೂರದೂರದ ದೋಣಿಗಳು ಓಡಿ ಬಂದು ಲಂಗರು ಹಾಕುವ ಜಾಗ ಇದು. ಹಾಗೆ ಬಂದವರಿಗೆ ಒಂದು ಕೊಡ ಕುಡಿಯುವ ನೀರು ಸಿಗುವ ವ್ಯವಸ್ಥೆಯೂ ದಡದಲ್ಲಿ ಇರಬೇಕೆಂಬ ಒಂದೇ ಮಾತನ್ನು ಹೇಳಲು ಈ ಪತ್ರ ಬರೆಯುತ್ತಿದ್ದೇನೆ. ವಿಷಯ ಸಣ್ಣದಾಗಿ ಕಂಡರೂ ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕಾಗಿ ವಿನಂತಿ.

ಕಾರವಾರವನ್ನು ಬಸ್ಸಿನ ಕಿಟಕಿಯಿಂದ ಮಾತ್ರ ನೋಡಿದ ಓದುಗರಿಗಾಗಿ ಸ್ಥಳದ ಪರಿಚಯವನ್ನು ಮೊದಲು ಹೇಳುತ್ತೇನೆ. ಉತ್ತರದಲ್ಲಿ ಕಾಳಿ ನದಿ ಸಮುದ್ರ ಸೇರುವ ಅಳಿವೆ, ಅದರ ಆಚೆ ದಂಡೆಯಲ್ಲಿ ಸದಾಶಿವಗಡದ ಗುಡ್ಡ ಮತ್ತು ದೇವಬಾಗದ ಗಾಳಿಮರದ ತೋಪು. ಈಚೆ ದಂಡೆಯ ಕೋಡಿಬಾಗದಿಂದ ದಕ್ಷಿಣಕ್ಕೆ ಕುಡುಗೋಲಿನಂತೆ ಬಾಗಿ ಹೋಗುವ ಮರಳ ತೀರ. ಆ ತೀರ ಮುಗಿಯುವಲ್ಲಿ ಸಮುದ್ರದೊಳಕ್ಕೆ ಚಾಚಿಕೊಂಡ ಬೈತಖೋಲದ ಗುಡ್ಡ, ಅದರ ಬುಡದಲ್ಲಿ ಬಂದರು. ಇನ್ನು ಪಶ್ಚಿಮಕ್ಕೆ ನೋಡಿದರೆ ನೀರಿನಲ್ಲಿ ದ್ವೀಪಗಳು ಕಾವಲು ನಿಂತಂತೆ ಕಾಣುತ್ತವೆ. ಆಮೆಯ ಬೆನ್ನಿನಂತಿರುವ ಕೂರ್ಮಗಡ, 1864ರಲ್ಲಿ ಕಟ್ಟಿದ ದೀಪಸ್ತಂಭವಿರುವ ದೇವಗಡ, ಅದರ ನೆರೆಯ ಮದಲಿಂಗಗಡ, ದಕ್ಷಿಣಕ್ಕೆ ಬಿಣಗಾದ ಆಚೆ ಗೋವಾ ರಾಜ್ಯಕ್ಕೆ ಸೇರಿದ ಅಂಜದೀವ, ಇವಲ್ಲದೆ ಹೆಸರು ಹೇಳಿದರೂ ಹೊರಗಿನವರಿಗೆ ಗುರುತು ಸಿಗದ ಕೆಲವು ಬಂಡೆಗುಡ್ಡಗಳು. ಮಳೆಗಾಲದಲ್ಲಿ ಅಲೆಗಳು ಬರುವುದು ನೈರುತ್ಯದ ಕಡೆಯಿಂದ. ಆ ಕಡೆಗೆ ಬೈತಖೋಲದ ಗುಡ್ಡ ಅಡ್ಡ ನಿಲ್ಲುತ್ತದೆ. ಗುಡ್ಡವನ್ನು ಬಳಸಿ ಬರುವ ಅಲೆಗಳ ಅಬ್ಬರವನ್ನು ದ್ವೀಪಗಳು ಒಡೆಯುತ್ತವೆ. ಹೀಗಾಗಿ ಹೊರಗೆ ಸಮುದ್ರ ಹುಚ್ಚೆದ್ದಿರುವಾಗಲೂ ಕೊಲ್ಲಿಯ ದಕ್ಷಿಣ ಮೂಲೆಯಲ್ಲಿ ನೀರು ಕೆರೆಯಂತಲ್ಲದಿದ್ದರೂ ದೋಣಿ ನಿಲ್ಲುವಷ್ಟು ಶಾಂತವಾಗಿರುತ್ತದೆ. ಉತ್ತರಕ್ಕೆ, ಅಳಿವೆಯ ಕಡೆಗೆ ಹೋದಂತೆ ಈ ರಕ್ಷಣೆ ಕಡಿಮೆಯಾಗುತ್ತದೆ. ಕೊಲ್ಲಿಯಲ್ಲಿ ಎಲ್ಲ ನೀರೂ ಒಂದೇ ಅಲ್ಲವೆಂಬ ಈ ಸಂಗತಿಯನ್ನು ಓದುಗರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ನಾನು ನಿವೃತ್ತ ಶಿಕ್ಷಕ. ಸಮಾಜ ವಿಜ್ಞಾನದ ಪಾಠದಲ್ಲಿ ಸ್ವಾಭಾವಿಕ ಬಂದರು ಎಂಬ ಮಾತು ಬಂದಾಗಲೆಲ್ಲ ಮಕ್ಕಳಿಂದ ಪುಸ್ತಕ ಮುಚ್ಚಿಸಿ, ಕಿಟಕಿಯ ಹೊರಗೆ ತೋರಿಸಿ, ಆ ದ್ವೀಪಗಳು ಇಲ್ಲದಿದ್ದರೆ ಏನಾಗುತ್ತಿತ್ತು ಎಂದು ಕೇಳುತ್ತಿದ್ದೆ. ಬೈತಖೋಲದ ಮೀನುಗಾರರ ಮನೆಯ ಹುಡುಗನೊಬ್ಬ ಒಮ್ಮೆ, ನಮ್ಮ ಅಪ್ಪ ಮನೆಗೆ ಬರುತ್ತಿರಲಿಲ್ಲ ಸರ್, ಎಂದುಬಿಟ್ಟ. ಪರೀಕ್ಷೆಯ ದೃಷ್ಟಿಯಿಂದ ಅದಕ್ಕೆ ಅಂಕ ಕೊಡಲು ಬರುವುದಿಲ್ಲ. ಆದರೆ ಅಷ್ಟು ಸರಿಯಾದ ಉತ್ತರವನ್ನು ನಾನು ಆಮೇಲೆ ಯಾವ ತರಗತಿಯಲ್ಲಿಯೂ ಕೇಳಲಿಲ್ಲ.

ಈ ಕೊಲ್ಲಿಯ ಬೆಲೆಯನ್ನು ಕಣ್ಣಾರೆ ಕಂಡದ್ದು 2019ರ ಅಕ್ಟೋಬರಿನಲ್ಲಿ, ಅರಬ್ಬಿ ಸಮುದ್ರದಲ್ಲಿ ಕ್ಯಾರ್ ಚಂಡಮಾರುತ ಎದ್ದಾಗ. ದೀಪಾವಳಿ ಎದುರಿಗಿತ್ತು. ಒಂದೆರಡು ದಿನಗಳಿಂದ ಆಕಾಶ ಕಪ್ಪಿಟ್ಟುಕೊಂಡು, ತೆಂಗಿನ ಮರಗಳು ಒಂದೇ ಕಡೆಗೆ ಬಾಗಿ ನಿಂತಿದ್ದವು. ಸಮುದ್ರ ಎಂದೂ ಬಾರದ ಕಡೆಗೂ ಬಂದು ಮರಳನ್ನು ತಿಂದುಕೊಂಡು ಹೋಗಿತ್ತು. ಆ ಸಂಜೆ ತೀರದ ರಸ್ತೆಗೆ ಹೋಗಿ ನೋಡಿದರೆ ಕೊಲ್ಲಿಯ ದಕ್ಷಿಣ ಭಾಗದಲ್ಲಿ ನೀರು ಕಾಣದಷ್ಟು ದೋಣಿಗಳು. ನಮ್ಮ ಜಿಲ್ಲೆಯವು ಮಾತ್ರವಲ್ಲ, ಗೋವಾದವು, ಮಲ್ಪೆಯವು, ಕೇರಳ ಮತ್ತು ತಮಿಳುನಾಡಿನವು. ಆಳಸಮುದ್ರದಲ್ಲಿದ್ದ ಟ್ರಾಲರ್‌ಗಳು ತಮ್ಮ ಊರಿಗೆ ಹಿಂದಿರುಗಲು ಹೊತ್ತು ಸಾಲದೆ ಹತ್ತಿರದ ಆಸರೆಗೆ ಓಡಿ ಬಂದಿದ್ದವು. ಕತ್ತಲಾದ ಮೇಲೆ ಅವುಗಳ ದೀಪಗಳು ಹೊತ್ತಿಕೊಂಡಾಗ, ಕಾರವಾರದ ಎದುರಿಗೆ ನೀರಿನ ಮೇಲೆ ಇನ್ನೊಂದು ಕಾರವಾರ ಹುಟ್ಟಿಕೊಂಡಂತೆ ಕಂಡಿತು. ನನ್ನ ಮೊಮ್ಮಗಳು ದೀಪಗಳನ್ನು ಎಣಿಸಲು ಹೊರಟು, ಅಲೆಗೆ ದೋಣಿಗಳು ಹೊಯ್ದಾಡಿ ಲೆಕ್ಕ ತಪ್ಪಿ, ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಇದು ಅದೊಂದು ವರ್ಷದ ಮಾತಲ್ಲ. 2021ರ ಮೇ ತಿಂಗಳಿನಲ್ಲಿ ತೌಕ್ತೆ ಚಂಡಮಾರುತ ಈ ಕರಾವಳಿಯನ್ನು ಬಡಿದುಕೊಂಡೇ ಗುಜರಾತಿನ ಕಡೆಗೆ ಹೋಯಿತು. ಮುಂಗಾರಿಗೆ ಮೊದಲಿನ ಮೇ ಜೂನ್, ಮುಂಗಾರು ಮುಗಿದ ಮೇಲಿನ ಅಕ್ಟೋಬರ್ ನವೆಂಬರ್, ಈ ಎರಡು ಸಂಧಿಕಾಲಗಳಲ್ಲಿ ನಮ್ಮ ಸಮುದ್ರವನ್ನು ನಂಬುವಂತಿಲ್ಲ ಎಂಬುದು ಧಕ್ಕೆಯಲ್ಲಿ, ಅಂದರೆ ದೋಣಿಕಟ್ಟೆಯಲ್ಲಿ, ಬಲೆ ಹೆಣೆಯುವ ಯಾರಿಗಾದರೂ ಗೊತ್ತು.

ಕ್ಯಾರ್ ಚಂಡಮಾರುತದ ಆ ಸಂಜೆಯ ಮರುದಿನ ಬೆಳಿಗ್ಗೆ ನಡೆದುದನ್ನು ಹೇಳದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. ಮಳೆ ಸ್ವಲ್ಪ ಹೊಳವಾದಾಗ ಸಣ್ಣ ದೋಣಿಯೊಂದರಲ್ಲಿ ನಾಲ್ಕೈದು ಜನ ಖಾಲಿ ಕ್ಯಾನುಗಳನ್ನು ಹಿಡಿದು ದಡಕ್ಕೆ ಬಂದರು. ಅವರ ತಾಂಡೇಲನಿಗೆ, ಅಂದರೆ ದೋಣಿಯ ಮುಖಂಡನಿಗೆ, ಐವತ್ತರ ಮೇಲೆ ವಯಸ್ಸಾಗಿರಬಹುದು. ಮಾತು ತಮಿಳು, ನಡುನಡುವೆ ಮುರುಕು ಹಿಂದಿ. ದಡದ ಸಾರ್ವಜನಿಕ ನಲ್ಲಿಯಲ್ಲಿ ನೀರು ಬರುತ್ತಿರಲಿಲ್ಲ. ಅಲ್ಲಿಂದ ಸ್ವಲ್ಪ ದೂರದ ಶೌಚಾಲಯಕ್ಕೆ ಬೀಗ ಹಾಕಿತ್ತು. ಸಂಬಂಧಪಟ್ಟ ಕಚೇರಿಯೊಂದಕ್ಕೆ ನಾನೇ ಫೋನು ಮಾಡಿದೆ. ಹಬ್ಬದ ರಜೆಯ ಬಗ್ಗೆ ಹೇಳಿ, ಅದು ನಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂದು ಇನ್ನೊಂದು ಕಚೇರಿಯ ಸಂಖ್ಯೆ ಕೊಟ್ಟರು. ಆ ಸಂಖ್ಯೆಯನ್ನು ಯಾರೂ ಎತ್ತಿಕೊಳ್ಳಲಿಲ್ಲ. ಕೊನೆಗೆ ಹತ್ತಿರದ ಮನೆಯ ಅಕ್ಕನೊಬ್ಬರು ತಮ್ಮ ಬಾವಿಯ ಪಂಪು ಹಾಕಿಕೊಟ್ಟರು, ನಮ್ಮ ಓಣಿಯ ಹುಡುಗರು ಕ್ಯಾನು ತುಂಬಿ ಹೊತ್ತು ಕೊಟ್ಟರು. ಹೊರಡುವ ಮುನ್ನ ಆ ತಾಂಡೇಲ ಕೈ ಮುಗಿದು, ಇಲ್ಲಿ ಗಾಳಿ ಇಲ್ಲ, ಆದರೆ ನೀರೂ ಇಲ್ಲ, ಎಂದ. ಅವನು ಅದನ್ನು ತಮಾಷೆಗೆಂದೇ ಹೇಳಿದ್ದು, ನಾವೂ ನಕ್ಕೆವು. ರಾತ್ರಿ ಮನೆಗೆ ಬಂದು ಮಲಗಿದ ಮೇಲೆ ಆ ಮಾತು ಬೇರೆ ರೀತಿ ಕೇಳಿಸತೊಡಗಿತು.

ನೂರಾರು ದೋಣಿಗಳೆಂದರೆ ಅವುಗಳಲ್ಲಿ ಸಾವಿರಾರು ಜನ. ಆಳಸಮುದ್ರಕ್ಕೆ ಹೋಗುವ ಟ್ರಾಲರ್ ಒಂದರಲ್ಲಿ ಎಂಟು ಹತ್ತು ಜನರಾದರೂ ಇರುತ್ತಾರೆ, ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟಿನಲ್ಲಿ ಅದಕ್ಕಿಂತ ಹೆಚ್ಚು. ಅವರು ಹೊರಡುವಾಗ ಲೆಕ್ಕ ಹಾಕಿ ತುಂಬಿಕೊಂಡ ನೀರು, ಅಕ್ಕಿ, ಐಸು, ಡೀಸೆಲ್ ಎಲ್ಲವೂ ಮೀನು ಹಿಡಿದು ಮರಳುವ ದಿನಗಳಿಗೆ ಸರಿಯಾಗಿ ಇರುತ್ತದೆ. ಗಾಳಿಯ ಕಾರಣದಿಂದ ನಾಲ್ಕು ದಿನ ಪರಊರಿನಲ್ಲಿ ನಿಲ್ಲಬೇಕಾಗಿ ಬಂದರೆ ಮೊದಲು ಮುಗಿಯುವುದು ನೀರು. ಬಲೆಯ ಹಗ್ಗ ತಾಗಿ ಕೈ ಸೀಳಿಕೊಂಡವರು, ಜ್ವರ ಬಂದವರು, ಮನೆಗೆ ಸುದ್ದಿ ಮುಟ್ಟಿಸಲು ಫೋನಿನಲ್ಲಿ ಚಾರ್ಜ್ ಇಲ್ಲದವರು, ಇಂಥವರು ಪ್ರತಿ ದೋಣಿಯಲ್ಲಿಯೂ ಒಬ್ಬಿಬ್ಬರು ಇರುತ್ತಾರೆ. ಅಂದು ಊರಿನ ಎಷ್ಟೋ ಮಂದಿ ತೀರಕ್ಕೆ ಬಂದು ದೋಣಿಗಳ ಫೋಟೋ ತೆಗೆದುಕೊಂಡು ಹೋದರು. ತಪ್ಪೇನಿಲ್ಲ, ನೋಟ ಹಾಗೆಯೇ ಇತ್ತು. ಆದರೆ ದೋಣಿಯೊಳಗಿನವರಿಗೂ ನಮಗೂ ಇದ್ದ ಅಂತರ ಕೂಗಿದರೆ ಕೇಳಿಸುವಷ್ಟೇ ಆಗಿದ್ದರೂ ಅವರ ಅಗತ್ಯವೇನೆಂದು ಕೇಳುವ ಹೊಣೆ ಇಡೀ ಊರಿನಲ್ಲಿ ಯಾರದೂ ಆಗಿರಲಿಲ್ಲ.

ಗಾಳಿಗೆ ಮರೆಯಿದ್ದ ಮಾತ್ರಕ್ಕೆ ಮನುಷ್ಯರಿಗೆ ಆಸರೆ ಸಿಕ್ಕಂತಾಗುವುದಿಲ್ಲ ಎಂಬುದಕ್ಕೆ ನಮ್ಮದೇ ಅಂಜದೀವ ಸಾಕ್ಷಿಯಾಗಿ ನಿಂತಿದೆ. 1498ರಲ್ಲಿ ವಾಸ್ಕೋ ಡ ಗಾಮ ಹಿಂದಿರುಗುವ ದಾರಿಯಲ್ಲಿ ಈ ದ್ವೀಪದ ಬಳಿ ತಂಗಿ ಸಿಹಿನೀರು ತುಂಬಿಕೊಂಡು, ಹಡಗುಗಳ ತಳ ಉಜ್ಜಿಸಿಕೊಂಡು ಹೋದ. 1505ರಲ್ಲಿ ಪೋರ್ಚುಗೀಸರು ಅಲ್ಲೊಂದು ಕೋಟೆ ಕಟ್ಟಿದರು, ಬಹುಕಾಲ ಉಳಿಸಿಕೊಳ್ಳಲಾಗದೆ ಬಿಟ್ಟರು. ಆದರೆ ನನಗೆ ಯಾವಾಗಲೂ ನೆನಪಾಗುವುದು ಮೂರನೆಯ ಕತೆ. ಇಂಗ್ಲೆಂಡಿನ ದೊರೆಗೆ ಮದುವೆಯ ಬಳುವಳಿಯಾಗಿ ಬಂದ ಮುಂಬಯಿಯನ್ನು ವಶಪಡಿಸಿಕೊಳ್ಳಲು 1662ರಲ್ಲಿ ಸರ್ ಅಬ್ರಹಾಂ ಶಿಪ್‌ಮನ್ ಎಂಬ ಅಧಿಕಾರಿಯ ಕೈಕೆಳಗೆ ಒಂದು ದಂಡು ಬಂತು. ಪೋರ್ಚುಗೀಸರು ಕಾಗದಪತ್ರದ ನೆಪ ತೆಗೆದು ಊರು ಬಿಟ್ಟುಕೊಡಲಿಲ್ಲ. ದಂಡಿನವರು ಬೇರೆ ದಾರಿ ಕಾಣದೆ ಅಂಜದೀವಕ್ಕೆ ಬಂದು ಬೀಡು ಬಿಟ್ಟರು. ಎರಡು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿಯೇ ಕಾದರು. ಹಡಗುಗಳಿಗೆ ಮರೆ ಸಿಕ್ಕಿತ್ತು, ಜನರಿಗೆ ಮಾತ್ರ ಸರಿಯಾದ ಸೂರು ಇಲ್ಲ, ಆಹಾರವಿಲ್ಲ, ಔಷಧವಿಲ್ಲ. ಹೆಚ್ಚಿನವರು ರೋಗದಿಂದ ಸತ್ತರು, 1664ರಲ್ಲಿ ಶಿಪ್‌ಮನ್ ಸಹ ಸತ್ತ, ಉಳಿದ ಸ್ವಲ್ಪ ಜನ ಮುಂಬಯಿ ಸೇರಿದ್ದು 1665ರಲ್ಲಿ. ದಂಡೆತ್ತಿ ಬಂದವರ ಬಗ್ಗೆ ನಾನು ಕಣ್ಣೀರು ಹಾಕಬೇಕಾಗಿಲ್ಲ. ಆದರೂ ಹಡಗು ನಿಲ್ಲಲು ಹೇಳಿ ಮಾಡಿಸಿದಂತಿದ್ದ ಜಾಗದಲ್ಲಿ ಜನ ಹಾಗೆ ಸತ್ತರೆಂಬುದನ್ನು ಈ ಕೊಲ್ಲಿಯ ದಡದಲ್ಲಿ ಬದುಕುವ ನಾವು ಮರೆಯಬಾರದು.

ಇನ್ನೊಂದು ಸಂಗತಿ, ಆಸರೆ ಪಡೆಯುವ ನೀರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ. ಒಂದು ಕಾಲಕ್ಕೆ ಇದನ್ನು ದೊಡ್ಡ ಬಂದರು ಮಾಡುವ ಕನಸಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತ್ಯಕ್ಕೆ ಸೇರಿಸಿ ಕಾರವಾರವನ್ನು ಜಿಲ್ಲಾ ಕೇಂದ್ರ ಮಾಡಿದಾಗ ಧಾರವಾಡ ಸೀಮೆಯ ಹತ್ತಿಯನ್ನು ಘಟ್ಟ ಇಳಿಸಿ ಇಲ್ಲಿಂದ ಹಡಗು ಹತ್ತಿಸುವ ಲೆಕ್ಕಾಚಾರ ನಡೆದಿತ್ತು. ಆಮೇಲೆ ರೈಲು ಮರ್ಮಗೋವಾದ ಪಾಲಾಯಿತು, ಹುಬ್ಬಳ್ಳಿಯಿಂದ ನಮ್ಮ ಕಡೆಗೆ ಬರಬೇಕಾದ ರೈಲನ್ನು ನಾವು ಇಂದಿಗೂ ಕಾಯುತ್ತಿದ್ದೇವೆ. ಅದು ಬೇರೆಯೇ ಪತ್ರದ ವಿಷಯ. 1986ರ ಅಕ್ಟೋಬರಿನಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆಯಾಯಿತು, 2005ರ ಮೇ ತಿಂಗಳಿನಲ್ಲಿ ಆ ನೆಲೆ ಐ.ಎನ್.ಎಸ್. ಕದಂಬ ಎಂಬ ಹೆಸರಿನಲ್ಲಿ ಕಾರ್ಯಾರಂಭ ಮಾಡಿತು. ಅರಗಾದಿಂದ ದಕ್ಷಿಣಕ್ಕೆ ಅನೇಕ ಹಳ್ಳಿಗಳ ಜನ ಮನೆ, ಗದ್ದೆ, ದೇವಸ್ಥಾನಗಳನ್ನು ಬಿಟ್ಟು ಎದ್ದು ಬಂದರು, ಅಲ್ಲಿಯ ತೀರ ಮತ್ತು ಅದರ ಮುಂದಿನ ನೀರು ಮೀನುಗಾರರ ಕೈತಪ್ಪಿತು. ದೇಶದ ರಕ್ಷಣೆಯ ವಿಷಯದಲ್ಲಿ ನನಗೆ ಯಾವ ತಕರಾರೂ ಇಲ್ಲ. ನನ್ನ ಹಳೆಯ ವಿದ್ಯಾರ್ಥಿಗಳು ಅದೇ ನೌಕಾನೆಲೆಯಲ್ಲಿ ಕೆಲಸದಲ್ಲಿದ್ದಾರೆ. ನಾನು ಹೇಳುವುದು ಇಷ್ಟೇ: ಮೊದಲು ಗಾಳಿ ಬಂದರೆ ದೋಣಿಗಳಿಗೆ ಅರಗಾ, ಬಿಣಗಾ, ಬೈತಖೋಲ ಎಂದು ಆಯ್ಕೆಯಿತ್ತು. ಈಗ ಉಳಿದಿರುವುದು ಬೈತಖೋಲದ ಮಗ್ಗುಲು ಒಂದೇ. ಅಲ್ಲಿಯೇ ವಾಣಿಜ್ಯ ಬಂದರು, ಅಲ್ಲಿಯೇ ಮೀನುಗಾರಿಕಾ ಬಂದರು, ಮತ್ತು ಅಲ್ಲಿಂದಲೇ ರವೀಂದ್ರನಾಥ ಟಾಗೋರ್ ಕಡಲತೀರ ಆರಂಭವಾಗುತ್ತದೆ.

ಆ ಕಾರಣಕ್ಕಾಗಿಯೇ 2020ರ ಜನವರಿಯಲ್ಲಿ ಬಂದರಿನ ಎರಡನೆಯ ಹಂತದ ವಿಸ್ತರಣೆಗಾಗಿ ಕಡಲತೀರದ ಕಡೆಯಿಂದ ಅಲೆತಡೆಗೋಡೆ ಕಟ್ಟಲು ಕಲ್ಲು ಸುರಿಯಲು ಬಂದಾಗ ಮೀನುಗಾರರು, ಅದರಲ್ಲಿಯೂ ಹೆಂಗಸರು, ನೀರಿಗಿಳಿದು ನಿಂತರು. ಊರು ಬಂದ್ ಆಯಿತು, ವಿಷಯ ಹೈಕೋರ್ಟಿಗೆ ಹೋಗಿ ಕೆಲಸಕ್ಕೆ ತಡೆಯಾಜ್ಞೆ ಬಂತು. ಆ ದಿನಗಳ ಚರ್ಚೆಯಲ್ಲಿ ಒಂದು ಕಡೆಯವರು ಉದ್ಯೋಗದ ಮಾತಾಡಿದರು, ಇನ್ನೊಂದು ಕಡೆಯವರು ಕಡಲತೀರದ ಸೌಂದರ್ಯದ ಮಾತಾಡಿದರು. 1883ರಲ್ಲಿ ಅಣ್ಣ ಸತ್ಯೇಂದ್ರನಾಥರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ ತರುಣ ರವೀಂದ್ರನಾಥರು ಬಂದು ಇದ್ದುದನ್ನು ಎಲ್ಲರೂ ನೆನೆಸಿಕೊಂಡರು. ತೀರದಲ್ಲಿ ಏಂಡಿ ಎಂಬ ದಡದ ಬಲೆ ಎಳೆಯುವವರು ಮಾತ್ರ ಬೇರೆ ಪ್ರಶ್ನೆ ಕೇಳುತ್ತಿದ್ದರು: ಗೋಡೆ ಬಂದ ಮೇಲೆ ಗಾಳಿಯ ದಿನ ಎಷ್ಟು ದೋಣಿಗೆ ಒಳಗೆ ಜಾಗ, ನಾಡದೋಣಿ ಎಳೆದು ಹಾಕಲು ಎಷ್ಟು ಮರಳು ಉಳಿಯುತ್ತದೆ? ಈ ಪ್ರಶ್ನೆಗೆ ಯಾವ ವೇದಿಕೆಯಿಂದಲೂ ಅಂಕಿಯ ಉತ್ತರ ಬಂದುದನ್ನು ನಾನು ಕೇಳಲಿಲ್ಲ. ಕೊಲ್ಲಿಯೊಳಗೆ ಮುಂದೆ ಯಾವ ಇಲಾಖೆ ಯಾವ ಕೆಲಸ ಕೈಗೊಂಡರೂ, ಅದು ಗೋಡೆಯಾಗಲಿ, ತೇಲುವ ಧಕ್ಕೆಯಾಗಲಿ, ಜಲಕ್ರೀಡೆಯ ಬೇಲಿಯಾಗಲಿ, ಮೊದಲು ಈ ಪ್ರಶ್ನೆಗೆ ಉತ್ತರ ಬರೆದು ಜನರ ಮುಂದೆ ಇಡುವಂತಾಗಬೇಕು.

ಕೊಲ್ಲಿ ಶಾಂತವೆಂಬ ನಂಬಿಕೆಯೇ ಕೆಲವೊಮ್ಮೆ ಮೋಸ ಮಾಡುತ್ತದೆ ಎಂಬುದನ್ನೂ ಇಲ್ಲಿ ಹೇಳಬೇಕು. ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆ ಪುಷ್ಯ ಹುಣ್ಣಿಮೆಗೆ ನಡೆಯುತ್ತದೆ. ಬಾಳೆಗೊನೆಯ ಹರಕೆ ಹೊತ್ತವರು ದೋಣಿಗಳಲ್ಲಿ ಹೋಗಿ ಬರುತ್ತಾರೆ, ಘಟ್ಟದ ಮೇಲಿನಿಂದಲೂ ಬಯಲುಸೀಮೆಯಿಂದಲೂ ಜನ ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಜನ ಸತ್ತರು, ಅವರಲ್ಲಿ ಮಕ್ಕಳೂ ಇದ್ದರು. ಆ ದಿನ ಚಂಡಮಾರುತವಿರಲಿಲ್ಲ, ಮಳೆಯೂ ಇರಲಿಲ್ಲ. ದ್ವೀಪದ ಕಡೆಯ ನೀರು ಮತ್ತು ಬೈತಖೋಲದ ಮೂಲೆಯ ನೀರು ಒಂದೇ ಅಲ್ಲವೆಂದು ನಾನು ಮೊದಲಿಗೆ ಹೇಳಿದ್ದು ಇದಕ್ಕಾಗಿಯೇ. ಅಂದು ನೀರಿಗೆ ಬಿದ್ದವರನ್ನು ಎತ್ತಲು ಮೊದಲು ಧಾವಿಸಿದ್ದು ಹತ್ತಿರವಿದ್ದ ದೋಣಿಗಳ ಜನ. 2024ರ ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿದ್ದಾಗ, ತುಂಬಿದ ಹೊಳೆಯಲ್ಲಿ ಲಾರಿಯ ಮೇಲೆ ನಿಂತಿದ್ದ ಚಾಲಕನನ್ನು ಪೊಲೀಸರ ಜೊತೆ ಸೇರಿ ದಡಕ್ಕೆ ತಂದವರಲ್ಲಿಯೂ ಮೀನುಗಾರರು ಇದ್ದರು. ಆ ಚಾಲಕ ತಮಿಳುನಾಡಿನವರು. ಊರು ಯಾವುದೆಂದು ಕೇಳಿ ಯಾರೂ ದೋಣಿ ಬಿಚ್ಚಲಿಲ್ಲ.

ಈ ಮಾತನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಹೊರ ರಾಜ್ಯದ ದೋಣಿಗಳಿಗೆ ನಾವೇಕೆ ಅನುಕೂಲ ಮಾಡಿಕೊಡಬೇಕು ಎಂಬ ಪ್ರಶ್ನೆಯನ್ನು ಧಕ್ಕೆಯಲ್ಲಿಯೇ ಕೇಳುತ್ತಾರೆ, ಅದು ಹುರುಳಿಲ್ಲದ ಪ್ರಶ್ನೆಯೂ ಅಲ್ಲ. ನಿಷೇಧಿಸಿದ ಬೆಳಕು ಮೀನುಗಾರಿಕೆ ಮತ್ತು ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಮಾಡಿಕೊಂಡು ನಮ್ಮ ಬಂಗಡೆ, ತಾರ್ಲೆಯನ್ನು ಮರಿಸಹಿತ ಬಾಚಿಕೊಂಡು ಹೋಗುವ ಹೊರಗಿನ ಬೋಟುಗಳ ಮೇಲೆ ಸ್ಥಳೀಯರಿಗೆ ಸಿಟ್ಟಿದೆ. ಎಪ್ಪತ್ತರ ದಶಕದ ಕೊನೆಯಲ್ಲಿ ಪರ್ಸೀನ್ ಬಂದು ಇಡೀ ಕೇರಿಯವರು ಸೇರಿ ದಡದಿಂದ ಎಳೆಯುತ್ತಿದ್ದ ರಂಪಣಿ ಬಲೆಯನ್ನು ಮೂಲೆಗೆ ಹಾಕಿದ್ದನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ರಂಪಣಿ ಎಳೆಯಲು ಕೈ ಹಾಕಿದವರಿಗೆಲ್ಲ ಪಾಲು ಸಿಗುತ್ತಿದ್ದ ಕಾಲ ಅದು. ಈಗಿನದು ಬೇರೆ ಲೆಕ್ಕ. ಕಾನೂನು ಮುರಿದ ದೋಣಿಯನ್ನು ಹಿಡಿಯಲಿ, ದಂಡ ಹಾಕಲಿ, ಅದಕ್ಕೆ ಕರಾವಳಿ ಕಾವಲು ಪೊಲೀಸರಿದ್ದಾರೆ, ಮೀನುಗಾರಿಕಾ ಇಲಾಖೆಯಿದೆ. ಆದರೆ ಗಾಳಿಗೆ ಹೆದರಿ ಒಳಗೆ ಬಂದ ದಿನ ಆ ಲೆಕ್ಕವನ್ನು ತೆಗೆಯಬಾರದು. ನಮ್ಮ ಜಿಲ್ಲೆಯ ದೋಣಿಗಳೂ ಗೋವಾ, ರತ್ನಾಗಿರಿಯ ಕಡೆಗೆ ಹೋಗುತ್ತವೆ, ಗಾಳಿ ಎದ್ದರೆ ಅಲ್ಲಿಯ ಕೊಲ್ಲಿಗಳಲ್ಲಿ ನಿಲ್ಲುತ್ತವೆ. ನಮ್ಮ ಹುಡುಗರಿಗೆ ಅಲ್ಲಿ ಯಾರಾದರೂ ಬಾವಿಯ ಪಂಪು ಹಾಕಿಕೊಡಲೆಂದು ಇಲ್ಲಿ ಅವರ ತಾಯಂದಿರು ಸಂಜೆ ದೀಪ ಹಚ್ಚುತ್ತಾರೆ.

ನಾನು ಕೇಳುತ್ತಿರುವುದಕ್ಕೆ ಕೋಟಿಗಟ್ಟಲೆ ಹಣ ಬೇಕಾಗಿಲ್ಲ. ಬೈತಖೋಲದ ಮಗ್ಗುಲಿನಲ್ಲಿ, ಸಣ್ಣ ದೋಣಿ ತಾಗಿಸಲು ಆಗುವ ಕಡೆ, ವರ್ಷವಿಡೀ ನೀರು ಬರುವ ನಾಲ್ಕಾರು ನಲ್ಲಿಗಳು ಮತ್ತು ಅವುಗಳಿಗೆ ಒಂದು ದೊಡ್ಡ ತೊಟ್ಟಿ. ಬೀಗದ ಕೈ ಯಾರ ಬಳಿ ಇರುತ್ತದೆಂದು ಗೋಡೆಯ ಮೇಲೆ ಬರೆದಿರುವ ಶೌಚಾಲಯ. ಮಳೆ ತಾಗದ ಒಂದು ದೊಡ್ಡ ಕೊಠಡಿ, ಅದರಲ್ಲಿ ಪ್ರಥಮ ಚಿಕಿತ್ಸೆಯ ಸಾಮಾನು, ಫೋನು ಚಾರ್ಜ್ ಮಾಡಿಕೊಳ್ಳಲು ಸಾಲು ಪ್ಲಗ್ಗುಗಳು. ಬಂದರಿನಲ್ಲಿ ಮೂರನೇ ನಂಬರಿನ ಎಚ್ಚರಿಕೆಯ ಸಂಕೇತ ಏರಿಸಿದ ಗಳಿಗೆಯಿಂದ ಅದನ್ನು ಇಳಿಸುವವರೆಗೆ ಆ ಕೊಠಡಿಯಲ್ಲಿ ಒಬ್ಬ ಮನುಷ್ಯ, ರಜೆಯಿರಲಿ ಹಬ್ಬವಿರಲಿ. ಸಂಕೇತ ಏರಿಸುವ ಪದ್ಧತಿ ಮೊದಲಿನಿಂದ ಇದ್ದೇ ಇದೆ. ಅದಕ್ಕೆ ಈ ಒಂದು ಹೊಣೆಯನ್ನು ಕಟ್ಟಿದರೆ ಸಾಕು, ಹೊಸ ಆದೇಶಕ್ಕಾಗಿ ಯಾರನ್ನೂ ಕಾಯಬೇಕಾಗುವುದಿಲ್ಲ. ಯಾವ ಕಚೇರಿಯ ವ್ಯಾಪ್ತಿ ಎಂಬ ಪ್ರಶ್ನೆಗೆ ಜಿಲ್ಲಾಡಳಿತವೇ ಒಮ್ಮೆ ಕುಳಿತು ಉತ್ತರ ಬರೆದಿಡಬೇಕು, ಏಕೆಂದರೆ ನನಗೆ ಅಂದು ಸಿಕ್ಕಿದ ಎರಡು ಫೋನು ಸಂಖ್ಯೆಗಳ ನಡುವೆ ಆ ತಾಂಡೇಲನ ಕ್ಯಾನು ಖಾಲಿಯೇ ಉಳಿದಿತ್ತು.

ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಯಾಂತ್ರಿಕ ದೋಣಿಗಳು ದಡದಲ್ಲಿಯೇ ಇರುತ್ತವೆ. ಧಕ್ಕೆಯ ಕೆಲಸಗಳಿಗೆ ಸಾಮಾನ್ಯವಾಗಿ ಬಿಡುವು ಸಿಗುವುದು ಆಗಲೇ. ಮಳೆಯಲ್ಲಿ ಸಿಮೆಂಟಿನ ಕೆಲಸ ಆಗುವುದಿಲ್ಲವೆಂಬುದು ನನಗೂ ಗೊತ್ತಿದೆ. ಆದರೆ ಜಾಗ ಗುರುತಿಸುವುದು, ಪೈಪಿನ ದಾರಿ ನಿಗದಿ ಮಾಡುವುದು, ಬೈತಖೋಲದವರನ್ನು ಕರೆದು ಕೂರಿಸಿ ಎಲ್ಲಿ ದೋಣಿ ತಾಗುತ್ತದೆ ಎಲ್ಲಿ ತಾಗುವುದಿಲ್ಲ ಎಂದು ಕೇಳುವುದು, ಇವಕ್ಕೆ ಮಳೆಯ ಅಡ್ಡಿಯಿಲ್ಲ. ಈ ಕೊನೆಯ ಕೆಲಸ ಮೊದಲು ಆಗಬೇಕು. ಕಡಲತೀರದಲ್ಲಿ ಈ ಹಿಂದೆ ಕಟ್ಟಿದ ಕೆಲವು ಮೆಟ್ಟಿಲುಗಳು ಯಾರ ಕಾಲಿಗೂ ಸಿಗದೆ ಮರಳಿನಲ್ಲಿ ಹೂತು ಹೋಗಿರುವುದನ್ನು ದಿನಾ ನೋಡುತ್ತಿರುವುದರಿಂದ ಹೇಳುತ್ತಿದ್ದೇನೆ.

ಇನ್ನೊಂದು ಸಣ್ಣ ಬೇಡಿಕೆಯನ್ನು ಇದರ ಜೊತೆಗೆ ಸೇರಿಸುತ್ತೇನೆ. ಟಾಗೋರ್ ಕಡಲತೀರದಲ್ಲಿ ಚಪಲ್ ಯುದ್ಧನೌಕೆಯ ಸಂಗ್ರಹಾಲಯವಿದೆ, ಅದರ ಬದಿಯಲ್ಲಿ ಈಗ ಟುಪೊಲೆವ್ ವಿಮಾನವೂ ಬಂದು ಕುಳಿತಿದೆ. ಎರಡರ ಬಗ್ಗೆಯೂ ಓದಿಕೊಳ್ಳಲು ಫಲಕಗಳಿವೆ, ಸಂತೋಷ. ಎದುರಿಗಿರುವ ದ್ವೀಪಗಳ ಹೆಸರು ಹೇಳುವ ಒಂದು ಫಲಕವನ್ನು ನಾನು ಮಾತ್ರ ಇದುವರೆಗೆ ಕಂಡಿಲ್ಲ. ಹುಬ್ಬಳ್ಳಿಯಿಂದಲೋ ಬೆಳಗಾವಿಯಿಂದಲೋ ಬಂದವರು ಸೂರ್ಯಾಸ್ತದ ಹೊತ್ತಿಗೆ ಅದು ಯಾವ ಗುಡ್ಡ ಎಂದು ಕೇಳುತ್ತಾರೆ, ಕಡಲೆಕಾಯಿ ಮಾರುವ ಹುಡುಗ ಬಾಯಿಗೆ ಬಂದುದನ್ನು ಹೇಳುತ್ತಾನೆ. ದ್ವೀಪಗಳ ಹೆಸರು, ಅವು ಅಲೆಯನ್ನು ಹೇಗೆ ತಡೆಯುತ್ತವೆ, ಗಾಳಿಯ ದಿನ ಇಲ್ಲಿ ಯಾರು ಬಂದು ನಿಲ್ಲುತ್ತಾರೆ, ಇಷ್ಟನ್ನು ಕನ್ನಡದಲ್ಲಿಯೂ ಕೊಂಕಣಿಯಲ್ಲಿಯೂ ಬರೆದು ನಿಲ್ಲಿಸಿದರೆ ಸಾಕು. ನಲ್ಲಿಗಳ ಬಳಿಯ ಸೂಚನೆಗಳನ್ನು ಮಾತ್ರ ತಮಿಳು, ಮಲಯಾಳಂ, ಗುಜರಾತಿಯಲ್ಲಿಯೂ ಬರೆಸಬೇಕು. ಬರೆದುಕೊಡುವವರು ಊರಿನಲ್ಲಿಯೇ ಇದ್ದಾರೆ. ನಮ್ಮ ಓಣಿಯಲ್ಲಿ ಬೇಕರಿ ನಡೆಸುವ ಮಲಯಾಳಿ ಕುಟುಂಬದವರು ಈ ಮಾತು ಕೇಳಿ ತಾವೇ ಬರೆದುಕೊಡುವುದಾಗಿ ಹೇಳಿದ್ದಾರೆ, ತಮಿಳಿಗೆ ಅವರೇ ಇನ್ನೊಬ್ಬರನ್ನು ಗೊತ್ತು ಮಾಡಿದ್ದಾರೆ. ಗುಜರಾತಿಗೆ ಹುಡುಕುತ್ತಿದ್ದೇವೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಶಿಕ್ಷಕ
ಕೋಡಿಬಾಗ, ಕಾರವಾರ